ಹುಳುಮನೆಯ ಮಾತ್ರೆ

ಮದುವೆಯಾಗಿ ಬಂದ ಹದಿನೇಳು ವರ್ಷಗಳಲ್ಲಿ ಲತಾಮಣಿ ತಪ್ಪಿಸಿದ ರೇಷ್ಮೆ ಬೆಳೆಗಳು ಮೂರೇ ಮೂರು. ಒಂದು, ಮಗಳು ಭಾನುಪ್ರಿಯ ಹುಟ್ಟಿದಾಗ. ಇನ್ನೊಂದು, ಹುಟ್ಟಬೇಕಾದದ್ದು ಹುಟ್ಟದೆ ಹೋದಾಗ. ಮೂರನೆಯದು ಅವಳು ಸೊಸೆಯಾಗಿ ಬಂದ ಹೊಸತರಲ್ಲಿ. ಮರಳವಾಡಿಯ ಆಸುಪಾಸಿನಲ್ಲಿ ವರ್ಷಕ್ಕೆ ಏಳೆಂಟು ಬೆಳೆ ತೆಗೆಯುವ ಮನೆಗಳಿಗೆ ಇದೊಂದು ದಾಖಲೆ. ಹುಳುಮನೆಗೆ ಚಪ್ಪಲಿ ಹಾಕಿಕೊಂಡು ಹೋಗುವಂತಿಲ್ಲ, ಹೊರಗಿನವರು ಇಣುಕುವಂತಿಲ್ಲ, ಒಗ್ಗರಣೆಯ ಘಾಟು ತಾಗುವಂತಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಮುಟ್ಟಾದ ಹೆಂಗಸು ಹೊಸ್ತಿಲು ದಾಟುವಂತಿಲ್ಲ. ಹುಳು ಮುನಿಸಿಕೊಳ್ಳುತ್ತದೆ. ಮುನಿಸಿಕೊಂಡ ಹುಳು ಗೂಡು ಕಟ್ಟುವುದಿಲ್ಲ.

ಬೇರೆ ಮನೆಗಳಲ್ಲಿ ಹೆಂಗಸರು ತಿಂಗಳಿಗೊಮ್ಮೆ ಜಗುಲಿಗೆ ಬಂದು ಕೂತಾಗ ಗಂಡಸರು ಸೊಪ್ಪು ಹಾಕಿ ಹಾಕಿ ಬೆನ್ನು ಹಿಡಿದುಕೊಳ್ಳುತ್ತಿದ್ದರು. ದೇವರಾಜುವಿನ ಮನೆಯಲ್ಲಿ ಆ ತಾಪತ್ರಯವೇ ಇರಲಿಲ್ಲ. "ದೇವರಾಜನ ಹೆಂಡ್ತಿ ಹುಳಕ್ಕೆ ಅಂತ್ಲೇ ಹೇಳಿ ಮಾಡ್ಸಿದಂಗವ್ಳೆ ಕಣಕ್ಕ" ಎಂದು ಊರಿನವರು ಮೆಚ್ಚಿಕೊಳ್ಳುತ್ತಿದ್ದರು. ಹೇಳಿ ಮಾಡಿಸಿದ್ದೇನೋ ನಿಜ. ಮಾಡಿಸಿದ್ದು ಬ್ರಹ್ಮನಲ್ಲ, ಕನಕಪುರದ ಮೆಡಿಕಲ್ ಸ್ಟೋರಿನ ಯೋಗಾನಂದ.

ಅದಕ್ಕೂ ಮೊದಲು ಲತಾಮಣಿಯ ತವರಿನ ಮಾತು ಒಂದಿಷ್ಟು ಹೇಳಬೇಕು. ತವರು ಮಾಗಡಿ ಕಡೆಯ ಹಳ್ಳಿ. ಅವಳ ತಾಯಿ ಮುನಿಯಮ್ಮ ಗಟ್ಟಿಗಿತ್ತಿ. ಹೊಲದ ಬದುವಿನ ಜಗಳದಲ್ಲಿ ಗಂಡಸರ ಬಾಯಿ ಮುಚ್ಚಿಸುವಷ್ಟು ಮಾತುಗಾರ್ತಿ. ಅಂಥವಳ ಮಾತು ಸೊಂಟದ ಹತ್ತಿರ ಬಂದರೆ ಬ್ರೇಕು ಹಾಕಿದಂತೆ ನಿಂತುಬಿಡುತ್ತಿತ್ತು. ಆ ಮನೆಯ ದೇಹಶಾಸ್ತ್ರದಲ್ಲಿ ಪಕ್ಕೆಲುಬಿನಿಂದ ಮೊಣಕಾಲಿನವರೆಗೆ ಇದ್ದದ್ದು ಒಂದೇ ಅಂಗ, ಹೊಟ್ಟೆ. ಕೂಸು ಬರುವುದು ಹೊಟ್ಟೆಯಲ್ಲಿ, ತಿಂಗಳ ನೋವು ಹೊಟ್ಟೆಯಲ್ಲಿ, ಉರಿ ಮೂತ್ರವೂ ಹೊಟ್ಟೆಯದೇ ಕೆಲಸ. ಲತಾಮಣಿಗೆ ಹದಿಮೂರು ತುಂಬಿದ ವರ್ಷ ಲಂಗ ಕಲೆಯಾದಾಗ, ಎಲ್ಲೋ ಗಾಯವಾಗಿದೆ ಎಂದುಕೊಂಡು ಅವಳು ಅರಿಸಿನ ಹುಡುಕಿದ್ದಳು. ಮುನಿಯಮ್ಮ ಮಗಳ ರಟ್ಟೆ ಹಿಡಿದು ಹಿತ್ತಲಿಗೆ ಕರೆದೊಯ್ದು ಹೇಳಿದ್ದು ಒಂದೇ ಮಾತು: "ಯಾರ್‌ಗೂ ಹೇಳ್ಬೇಡ."

ಹೇಳಿದ ಮೂರನೇ ದಿನಕ್ಕೆ ಮುನಿಯಮ್ಮನೇ ಊರಿಗೆಲ್ಲ ಹೇಳಿದಳು. ಸೋದರಮಾವ ಹಸಿರು ಸೋಗೆ ತಂದು ಗುಡ್ಲು ಹಾಕಿದ. ಮೈಕು ಕಟ್ಟಿಸಿದರು, ಚಿಗಳಿ ಉಂಡೆ ಹಂಚಿದರು, ಸಂಜೆಗೊಂದು ಆರತಿ ಎತ್ತಿದರು. ಏನಾಗಿದೆ ಎಂದು ಊರಿಗೆ ಊರೇ ತಿಳಿದುಕೊಂಡಿತು. ಗುಡ್ಲಿನಲ್ಲಿ ಕೂತವಳಿಗೆ ಮಾತ್ರ ತಿಳಿಯಲಿಲ್ಲ. ಕೇಳೋಣವೆಂದರೆ ತಾಯಿ ಬಾಯಿಗೆ ಕೊಬ್ಬರಿ ಬೆಲ್ಲ ತುರುಕುತ್ತಿದ್ದಳು. ಹೀಗೆ ಬಾಯಿ ಸಿಹಿ ಮಾಡಿಕೊಂಡೇ ಲತಾಮಣಿ ಬಾಯಿ ಮುಚ್ಚುವುದನ್ನು ಕಲಿತಳು.

ಮದುವೆಯಾದ ಮೊದಲ ವರ್ಷ ಹುಳು ಹಣ್ಣಾಗುವ ದಿನವೇ ಅವಳು ಹೊರಗಾದಳು. ರೇಷ್ಮೆಯವರಿಗೆ ಆ ದಿನವೆಂದರೆ ಮದುವೆ ಮನೆಯ ಧಾರೆಯ ಗಳಿಗೆ. ಸೊಪ್ಪು ತಿಂದು ತಿಂದು ಬೆಳೆದ ಹುಳುಗಳು ಹಳದಿಗೆ ತಿರುಗಿ ಗೂಡು ಕಟ್ಟಲು ಜಾಗ ಹುಡುಕುತ್ತವೆ. ಒಂದೊಂದನ್ನೂ ಆರಿಸಿ ಚಂದ್ರಿಕೆಗೆ, ಅಂದರೆ ಸುರುಳಿ ಹೆಣೆದ ಬಿದಿರಿನ ತಟ್ಟೆಗೆ ಬಿಡಬೇಕು. ಮನೆಯ ಕೈಗಳೆಲ್ಲ ಸಾಲದೆ ಪಕ್ಕದ ಮನೆಯ ಕೈಗಳನ್ನೂ ಕರೆಯುವ ಹೊತ್ತು. ಹೊಸ ಸೊಸೆ ಜಗುಲಿಯ ಮೇಲೆ ಕೈಕಟ್ಟಿ ಕೂತಿದ್ದಳು. ಅರ್ಧ ಹುಳು ತಟ್ಟೆಯ ಅಂಚಿನಲ್ಲೇ ರೇಷ್ಮೆ ಸುರಿದು ಹಾಳಾದವು.

ಅತ್ತೆ ಮಾರಕ್ಕ ಬೈಯಲಿಲ್ಲ. ಕೆಟ್ಟವಳಲ್ಲ ಆಕೆ. ಮುಂದಿನ ಬೆಳೆ ಹೊತ್ತಿಗೆ ಪೇಪರಿನಲ್ಲಿ ಸುತ್ತಿದ ಒಂದು ಮಾತ್ರೆ ಪಟ್ಟಿಯನ್ನು ಸೊಸೆಯ ಕೈಗಿಟ್ಟು, "ಹಬ್ಬದ್ ಮಾತ್ರೆ ಕಣಮ್ಮಿ. ಗೌರಿ ಹಬ್ಬಕ್ಕೆ ಎಲ್ರೂ ತಗೊತಾರೆ, ಮುಂದಕ್ ಹೋಯ್ತದೆ. ಬೆಳಗ್ಗೆ, ಮಧ್ಯಾಹ್ನ, ರಾತ್ರಿ. ನಮ್ಗೆ ಇದೂ ಒಂದ್ ಹಬ್ಬ ಅನ್ಕೊ" ಎಂದಳು. ಲತಾಮಣಿ ಅಂದುಕೊಂಡಳು. ವರ್ಷಕ್ಕೆ ಎಂಟು ಹಬ್ಬ. ಮಾತ್ರೆಯ ಹೆಸರೇನೆಂದು ಅವಳು ಕೇಳಲಿಲ್ಲ. ಯೋಗಾನಂದನೂ ಚೀಟಿ ಕೇಳಲಿಲ್ಲ. ದೇವರಾಜು ಅಂಗಡಿಗೆ ಹೋಗಿ "ನಮ್ಮನೇದು" ಎಂದರೆ ಸಾಕು, ಪೇಪರಿನ ಪೊಟ್ಟಣ ಬರುತ್ತಿತ್ತು. ಮಾತಿಲ್ಲದ ಮನೆಗೆ ಮಾತ್ರೆ ಸುಲಭವಾಗಿ ಒಗ್ಗುತ್ತದೆ. ಮೆಂತ್ಯದ ಡಬ್ಬಿಯಲ್ಲಿ ಅದಕ್ಕೊಂದು ಖಾಯಂ ಜಾಗವಾಯಿತು. ಲತಾಮಣಿ ಗೋಡೆಯ ಕಡೆ ತಿರುಗಿ ನುಂಗುತ್ತಿದ್ದಳು. ಯಾರೂ ನೋಡುತ್ತಿಲ್ಲವೆಂದು ಅವಳ ನಂಬಿಕೆ.

ಈ ವರ್ಷ ಶ್ರಾವಣದಿಂದ ಮಾತ್ರೆ ಮಾತು ಕೇಳುವುದನ್ನು ಬಿಟ್ಟಿತು. ಎರಡು ದಿನ ಹೋಗುವುದು, ನಾಲ್ಕು ದಿನ ನಿಲ್ಲುವುದು, ಮತ್ತೆ ಒಂದು ವಾರ. ಅವಳು ಒಳಗಿದ್ದಾಳೋ ಹೊರಗಿದ್ದಾಳೋ ಎಂಬುದು ಅವಳಿಗೇ ಗೊತ್ತಾಗದ ಸ್ಥಿತಿ. ಹೇಳೋಣವೆಂದರೆ ಆಗಲೇ ಹುಳುಮನೆಯೊಳಗೆ ಓಡಾಡಿದ್ದಾಗಿತ್ತು. ಹೇಳದೆ ಇರೋಣವೆಂದರೆ ದಸರಾ ಹೊತ್ತಿನ ಬೆಳೆಗೆ ಸಪ್ಪೆ ರೋಗ ಬಂದು ಮುಕ್ಕಾಲು ಪಾಲು ಹುಳು ಕಪ್ಪಾಗಿ ಕೊಳೆತು ಹೋದವು. ದೇವರಾಜು ಸುಣ್ಣವನ್ನು ಅನುಮಾನಿಸಿದ, ಸೊಪ್ಪಿನ ತೇವವನ್ನು ಅನುಮಾನಿಸಿದ, ಚಾಕಿ ಮರಿ, ಅಂದರೆ ಎಳೆ ಹುಳು ಸಾಕಿ ಕೊಟ್ಟವನನ್ನು ಫೋನಿನಲ್ಲಿ ಬೈದ. ಹೆಂಡತಿಯನ್ನು ಅನುಮಾನಿಸಲಿಲ್ಲ. ಆ ಕೆಲಸವನ್ನು ಲತಾಮಣಿಯೇ ವಹಿಸಿಕೊಂಡಿದ್ದಳು. ಕೊಳೆತ ಹುಳುಗಳನ್ನು ಗುಂಡಿಗೆ ಸುರಿದು ಮಣ್ಣೆಳೆಯುವಾಗ, ಇದಕ್ಕೆ ಕಾರಣ ತಾನೇ ಎಂಬುದರಲ್ಲಿ ಅವಳಿಗೆ ಎಳ್ಳಷ್ಟೂ ಸಂಶಯವಿರಲಿಲ್ಲ.

ದಸರಾ ಮುಗಿದ ಮೇಲೆ ಆಶಾ ಕಾರ್ಯಕರ್ತೆ ಮನೆಮನೆಗೆ ಬಂದು ಹೆಂಗಸರ ತಪಾಸಣೆ ಇದೆಯೆಂದು ಹೇಳಿಹೋದಳು. ಲತಾಮಣಿ ಹೋದಳು ಕೂಡ. ಸಾಲಿನಲ್ಲಿ ಅವಳ ಹಿಂದೆ ಊರಿನ ನಾಲ್ವರು ಹೆಂಗಸರಿದ್ದರು, ನಾಲ್ವರ ಮನೆಯಲ್ಲೂ ಹುಳುವಿತ್ತು. ನರ್ಸಮ್ಮ, "ಏನಾದ್ರೂ ತೊಂದ್ರೆ ಐತೇನಮ್ಮ? ಮಧ್ಯ ಮಧ್ಯ ಹೋಗೋದು, ಬಿಳೀದು, ನೋವು?" ಎಂದು ಊರಿಗೆಲ್ಲ ಕೇಳಿಸುವಂತೆ ಕೇಳಿದಳು.

"ಏನಿಲ್ಲ. ಒಸಿ ಹೊಟ್ಟೆ ನೋವು."

ಗ್ಯಾಸಿನ ಮಾತ್ರೆ ಕೊಟ್ಟು ಕಳಿಸಿದರು. ಮನೆಯಲ್ಲಿ ಮಾತ್ರೆಗಳಿಗೆ ಬರವಿರಲಿಲ್ಲ. ಇನ್ನೊಂದು ಸೇರಿತು, ಅಷ್ಟೇ.

ಈಗಿನ ಬೆಳೆ ನಾಲ್ಕನೇ ಜ್ವರದಿಂದ ಎದ್ದದ್ದು ಶುಕ್ರವಾರ. ಹುಳು ಪೊರೆ ಕಳಚುವುದಕ್ಕೆ ಜ್ವರ ಎನ್ನುತ್ತಾರೆ. ಕೊನೆಯ ಜ್ವರದಿಂದ ಎದ್ದ ಹುಳುವಿಗೆ ಏಳು ದಿನದ ಬಕಾಸುರ ಹಸಿವು; ಸೊಪ್ಪು ಹಾಕಿ ತಿರುಗುವಷ್ಟರಲ್ಲಿ ಬರೀ ಕಡ್ಡಿ. ಸೋಮವಾರ ಬೆಳಗ್ಗೆ ಲತಾಮಣಿ ಮೆಂತ್ಯದ ಡಬ್ಬಿಗೆ ಕೈ ಹಾಕಿದರೆ ಮೆಂತ್ಯ ಮಾತ್ರ ಸಿಕ್ಕಿತು. ಹೊಸ ಪಟ್ಟಿ ಇರಲಿಲ್ಲ. ಇಲಿ ಎಳೆದಿರಬಹುದೆಂದು ಅಟ್ಟದವರೆಗೂ ಹುಡುಕಿದಳು. ಕೊನೆಗೆ, ಹೊಟ್ಟೆ ನೋವೆಂದು ಶಾಲೆಗೆ ಹೋಗದೆ ಮಲಗಿದ್ದ ಮಗಳ ಚೀಲವನ್ನು ಪಕ್ಕಕ್ಕಿಡಲು ಎತ್ತಿದಾಗ ಕಂಪಾಸ್ ಬಾಕ್ಸು ಬಿದ್ದು ಬಾಯಿ ತೆರೆಯಿತು. ಕೋನಮಾಪಕದ ಕೆಳಗೆ ಪಟ್ಟಿ ಇತ್ತು. ನಾಲ್ಕು ಗುಳಿ ಖಾಲಿ.

"ಇದ್ಯಾಕಮ್ಮಿ ಇಲ್ಲೈತೆ?"

ಭಾನುಪ್ರಿಯ ಕಣ್ಣು ತೆರೆದಳು. ಹದಿನಾಲ್ಕರ ಹುಡುಗಿ, ಒಂಬತ್ತನೇ ಕ್ಲಾಸು. ತುಟಿ ಸುಣ್ಣ ಬಳಿದಂತೆ ಬಿಳುಪೇರಿದ್ದವು.

"ನೀನ್ ತಗೊತಿಯಲ್ಲ. ಅದ್ಕೆ."

"ನಾನ್ ತಗೊಂಡ್ರೆ?"

"ನೀನ್ ತಗೊಂಡ್ರೆ ನಿಂಗ್ ಬರಲ್ಲ. ನಂಗೂ ಬರದೆ ಇರ್ಲಿ ಅಂತ. ಹುಳ ಇದ್ದಾಗೆಲ್ಲಾ ಜಗುಲಿ ಮ್ಯಾಲೆ ಕೂರಿಸ್ತೀರ. ಹಾಲಿನ ಡೈರಿಗ್ ಹೋಗೋರೆಲ್ಲಾ ನೋಡ್ಕೊಂಡ್ ಹೋಯ್ತಾರೆ. ಆ ಚಲುವಯ್ಯಣ್ಣ ಕ್ಯಾನ್ ಇಳಿಸಿ, ಏನ್ ಭಾನು, ಪರೀಕ್ಷೆ ರಜಾನಾ, ತಿಂಗಳ್ ರಜಾನಾ ಅಂತಾನೆ. ನಮ್ ಕ್ಲಾಸಿನ ಹುಡುಗ್ರು ಅಲ್ಲೇ ಇರ್ತಾರೆ."

"ಯಾವಾಗ್ಲಿಂದ ತಗೊತಿದ್ದೀಯ?"

"ಗೌರಿ ಹಬ್ಬದಿಂದ."

"ದಿನಕ್ಕೆಷ್ಟು?"

"ಒಂದೊಂದ್ ಸಲ ಒಂದು. ಒಂದೊಂದ್ ಸಲ ಮೂರು. ನೀನ್ ಎಷ್ಟ್ ತಗೊತಿ ಅಂತ ಸರಿಯಾಗ್ ಕಾಣ್ತಿರ್ಲಿಲ್ಲ. ಗ್ವಾಡೆ ಕಡೆ ತಿರ್ಗ್ಕೊಂಡ್ ನುಂಗ್ತಿದ್ದೆ."

ಲತಾಮಣಿ ಪಟ್ಟಿಯನ್ನು ಸೆರಗಿಗೆ ಸಿಕ್ಕಿಸಿಕೊಂಡು ಮಂಚದ ತುದಿಗೆ ಕೂತಳು.

"ಈಗ?"

"ಈಗ ನಿಲ್ತಾನೇ ಇಲ್ಲ ಅಮ್ಮ. ಹನ್ನೊಂದ್ ದಿನ ಆಯ್ತು. ಎದ್ರೆ ಕಣ್ ಕತ್ಲೆ ಬತ್ತದೆ."

"ನಂಗೊಂದ್ ಮಾತ್ ಹೇಳ್‌ಬಾರ್ದಾಗಿತ್ತಾ?"

"ಯಾರ್‌ಗೂ ಹೇಳ್ಬೇಡ ಅಂತ ನೀನೇ ಅಂದಿದ್ದಲ್ಲ, ಮೊದಲ್ನೇ ಸಲ."

ಅಂದಿದ್ದಳು. ಎರಡು ವರ್ಷದ ಹಿಂದೆ, ಅದೇ ಧಾಟಿಯಲ್ಲಿ, ಮಗಳ ರಟ್ಟೆ ಹಿಡಿದು. ಆಮೇಲೆ ವೃತ್ತದಲ್ಲಿ ಮಗಳ ಫೋಟೋ ಇರುವ ಫ್ಲೆಕ್ಸು ಕಟ್ಟಿಸಿದ್ದಳು; ಮೈಕಿನ ಕಾಲ ಹೋಗಿ ಫ್ಲೆಕ್ಸಿನ ಕಾಲ ಬಂದಿದೆ ಎಂಬುದಷ್ಟೇ ಆ ಮನೆತನದ ಪ್ರಗತಿ. ಪಾಠ ಮಾಡಲಿಲ್ಲವೆಂದು ಲತಾಮಣಿ ತಿಳಿದಿದ್ದಳು. ಮಾಡಿದ್ದಳು. ಬೆನ್ನು ತೋರಿಸಿಕೊಂಡು ಮಾಡಿದ್ದಳು, ಮಗಳು ಚೆನ್ನಾಗಿಯೇ ಕಲಿತಿದ್ದಳು.

ಅಂಗಳದಲ್ಲಿ ದೇವರಾಜು ಸೊಪ್ಪಿನ ಹೊರೆ ಇಳಿಸುತ್ತಿದ್ದ. ಮಾರಕ್ಕ ಬಲಿತ ಎಲೆ ಬೇರೆ ಮಾಡುತ್ತಿದ್ದಳು.

"ಭಾನೂನ ಡಾಕ್ಟ್ರಿಗ್ ತೋರಿಸ್ಬೇಕು" ಎಂದಳು ಲತಾಮಣಿ.

"ಏನಾಯ್ತು?"

"ಹೊಟ್ಟೆ ನೋವು."

"ಅಯ್ಯೋ, ಅದ್ಕೇನು. ಗಾಡೀಲಿ ನಾನೇ ಕರ್ಕೊಂಡ್ ಹೋಗ್ ಬತ್ತೀನಿ. ನೀನ್ ಒಳ್ಗಿರು. ಈಗ ಒಂದೊತ್ತು ಸೊಪ್ಪು ತಪ್ಪಿದ್ರೆ ಗೂಡು ಕಡ್ಲೆಕಾಯ್ ಆಯ್ತವೆ." ದೇವರಾಜು ಆಗಲೇ ಕೈಯೊರೆಸಿಕೊಂಡು ಬೈಕಿನ ಕೀಲಿ ಹುಡುಕುತ್ತಿದ್ದ.

ಗಂಡ ಒರಟನಾಗಿದ್ದರೆ ಜಗಳವಾದರೂ ಆಡಬಹುದಿತ್ತು. ಇವನು ಮಗಳೆಂದರೆ ಪ್ರಾಣ ಬಿಡುವವನು. ಮುಂದಿನದ್ದೆಲ್ಲ ಲತಾಮಣಿಯ ಕಣ್ಣಿಗೆ ಕಟ್ಟಿತು: ಅಪ್ಪ ಮಗಳು ಡಾಕ್ಟರ ಮುಂದೆ ಕೂರುತ್ತಾರೆ, ಅಪ್ಪ ಹೊಟ್ಟೆ ನೋವೆನ್ನುತ್ತಾನೆ, ಮಗಳು ತಲೆಯಾಡಿಸುತ್ತಾಳೆ, ಗ್ಯಾಸಿನ ಮಾತ್ರೆ ಬರುತ್ತದೆ. ಹುಡುಗಿ ಅದನ್ನು ನುಂಗಿ, ಹಗಲೆಲ್ಲ ಮಲಗಿ, ಮತ್ತೆ ಗೋಡೆಯ ಕಡೆ ತಿರುಗುತ್ತಾಳೆ.

"ಅದು... ಆ ನೋವಲ್ಲ. ಅವ್ಳು ಹೊರ್ಗಾಗವ್ಳೆ."

ಮಾರಕ್ಕನ ಕೈ ಎಲೆಯ ಮೇಲೆ ನಿಂತಿತು. "ನಿನ್ನೆ ಸೊಪ್ಪಿನ್ ಪುಟ್ಟಿ ಒಳಕ್ಕೆ ತಂದಿಟ್ಟೋಳು ಅವ್ಳೇ ಅಲ್ವೇನಮ್ಮಿ?"

"ಅವ್ಳೇ. ಹನ್ನೊಂದ್ ದಿನದಿಂದ ಹಂಗೇ ಅವ್ಳೆ."

ದೇವರಾಜು ಹುಳುಮನೆಯ ಬಾಗಿಲನ್ನು ನೋಡಿದ, ನೆಲ ನೋಡಿದ. ಹೆಂಗಸರ ಮಾತಿಗೆ ಗಂಡಸು ಎಲ್ಲಿ ನೋಡಬೇಕೋ ಅವನಿಗೆ ತಿಳಿಯಲಿಲ್ಲ. "ಹಂಗಾದ್ರೆ ನಾನ್ ಹೋಗೋದ್ ಸರಿಯಲ್ಲ. ಅವ್ವ ಕರ್ಕೊಂಡ್ ಹೋಯ್ತಾಳೆ, ಬಸ್ಸಲ್ಲಿ. ನೀನ್ ಒಳ್ಗ್ ನಡಿ."

ದಾರಿ ಮತ್ತೆ ಹುಳುಮನೆಗೇ ಬಂದು ನಿಂತಿತು. ಮಾರಕ್ಕ ಡಾಕ್ಟರ ಹತ್ತಿರ ಹಬ್ಬದ ಮಾತ್ರೆಯ ಸುದ್ದಿ ಎತ್ತುವವಳಲ್ಲ. ಮಾತ್ರೆ ಎಂದರೆ ಯಾರ ಮಾತ್ರೆ, ಯಾಕೆ ಎಂಬ ಪ್ರಶ್ನೆ ಬರುತ್ತದೆ. ಮೊಮ್ಮಗಳ ಜೀವಕ್ಕಿಂತ ಗುಟ್ಟು ದೊಡ್ಡದೆಂದು ಆಕೆಯೂ ಕಲಿತಿದ್ದವಳೇ. ಭಾನುವಿನ ಜೊತೆ ಯಾರು ಹೋದರೂ ಹೋಗದಂತೆಯೇ ಲೆಕ್ಕ, ತಾನೊಬ್ಬಳು ಹೋಗಬೇಕು. ತನ್ನನ್ನು ಈ ಮನೆಯಿಂದ ಹೊರಗೆ ಕಳಿಸುವ ಒಂದೇ ಕಾಯಿದೆಯಿತ್ತು. ಹದಿನೇಳು ವರ್ಷ ಅವಳು ಅದನ್ನು ಮಾತ್ರೆ ನುಂಗಿ ತಪ್ಪಿಸಿಕೊಂಡಿದ್ದಳು.

"ನಾನೂ ಹೊರ್ಗೇ" ಎಂದಳು.

"ಇವತ್ತಾ?" ಎಂದ ದೇವರಾಜು.

ಹೌದು ಎಂದಿದ್ದರೆ ಮುಗಿಯುತ್ತಿತ್ತು. ಅವಳ ಬಾಯಿಗೂ ಅದೇ ಬಂದಿತ್ತು. ಆದರೆ ಇವತ್ತು ಎಂದರೆ ಮೂರು ದಿನದ ರಜೆ. ನಾಲ್ಕನೇ ದಿನ ಮತ್ತೆ ಒಳಗೆ, ಮತ್ತೆ ಡಬ್ಬಿ.

"ಶ್ರಾವಣದಿಂದ. ಬಿಟ್ಟು ಬಿಟ್ಟು ಹೋಯ್ತೈತೆ. ಮಾತ್ರೆ ತಗೊಂಡ್ರೂ ನಿಲ್ತಿಲ್ಲ."

ದೇವರಾಜು ಬೆರಳು ಮಡಿಸುತ್ತಾ ತಿಂಗಳು ಎಣಿಸುತ್ತಿರುವುದು ಅವಳಿಗೆ ಕಂಡಿತು. ಶ್ರಾವಣ, ಭಾದ್ರಪದ, ಆಶ್ವಯುಜ. ಬೆರಳು ದಸರಾ ಹತ್ತಿರ ನಿಂತಿತು.

"ಸಪ್ಪೆ ರೋಗ ಬಂತಲ್ಲ, ಆಗ್ಲೂ ಒಳ್ಗಿದ್ದಾ?"

"ಇದ್ದೆ."

ಅವನು ಕೀಲಿಯನ್ನು ಗೂಟಕ್ಕೆ ಹಾಕಿ, ಪುಟ್ಟಿ ಎತ್ತಿಕೊಂಡು ಒಳಗೆ ಹೋದ. ಬೈದಿದ್ದರೆ ಚೆನ್ನಾಗಿತ್ತು. ಮಾರಕ್ಕ ಸೆರಗಿನ ಗಂಟು ಬಿಚ್ಚಿ ಬಸ್ಸಿಗೆಂದು ನೂರರ ಎರಡು ನೋಟು ಜಗುಲಿಯ ಮೇಲಿಟ್ಟಳು. ಸೊಸೆಯ ಕೈ ತಾಗದಂತೆ, ಶಾಸ್ತ್ರೋಕ್ತವಾಗಿ.

ಕನಕಪುರದಲ್ಲಿ ಡಾಕ್ಟರ್ ನಿಖಾತ್ ಅವರ ಕ್ಲಿನಿಕ್ಕು ಬಟ್ಟೆ ಅಂಗಡಿಯೊಂದರ ಮಹಡಿಯ ಮೇಲೆ. ಮೆಟ್ಟಿಲು ಹತ್ತುವಾಗ ಭಾನು ಎರಡು ಕಡೆ ಕೂತು ಸುಧಾರಿಸಿಕೊಂಡಳು. ಒಳಗೆ ಹೋದಮೇಲೆ ಅಭ್ಯಾಸಬಲದಿಂದ ಲತಾಮಣಿ "ಹೊಟ್ಟೆ ನೋವು" ಎಂದಳು.

"ಹೊಟ್ಟೆ ಅಂದ್ರೆ ಎಲ್ಲಿ?" ಎಂದರು ಡಾಕ್ಟರು.

ಇಷ್ಟು ವರ್ಷದಲ್ಲಿ ಈ ಪ್ರಶ್ನೆಯನ್ನು ಅವಳಿಗೆ ಯಾರೂ ಕೇಳಿರಲಿಲ್ಲ. ಸೆರಗಿನಿಂದ ಖಾಲಿ ಗುಳಿಗಳ ಪಟ್ಟಿ ತೆಗೆದು ಮೇಜಿನ ಮೇಲಿಟ್ಟಳು. ಆಮೇಲೆ ಮಾತು ಒಂದೊಂದಾಗಿ ಬಂತು. ಮಗಳದ್ದು ಮೊದಲು, ತನ್ನದು ಆಮೇಲೆ.

"ಇದನ್ನ ಯಾವಾಗ್ಲೋ ಒಂದ್ಸಲ, ಡಾಕ್ಟರನ್ನ ಕೇಳಿ ತಗೋಬೇಕು. ವರ್ಷಕ್ಕೆ ಎಂಟು ಸಲ ಅಂತೀರಲ್ಲ, ಅಷ್ಟು ಹಬ್ಬ ಎಲ್ಲಿವೆ?"

"ಹಬ್ಬ ಅಲ್ಲ ಡಾಕ್ಟ್ರೇ, ಹುಳ."

ಡಾಕ್ಟರು ಪೆನ್ನು ಕೆಳಗಿಟ್ಟರು. ರಾಮನಗರದ ಕಡೆಯವರೇ ಆದ್ದರಿಂದ ಬಿಡಿಸಿ ಹೇಳಬೇಕಾಗಲಿಲ್ಲ. "ನಿಮ್ಮ ಬೆಳೆ ಹೋಗಿದ್ದು ರೋಗದಿಂದ ಕಣಮ್ಮ. ನಿಮ್ಮಿಂದ ಅಲ್ಲ. ಹುಳಕ್ಕೆ ನಿಮ್ಮ ಮುಟ್ಟು ಗೊತ್ತಾಗಲ್ಲ."

ಲತಾಮಣಿ ತಲೆಯಾಡಿಸಿದಳು. ನಂಬಲಿಲ್ಲ. ಹದಿನೇಳು ವರ್ಷ ನುಂಗಿದ್ದನ್ನು ಒಂದು ಮಾತಿಗೆ ಕಕ್ಕಲು ಆಗುತ್ತದೆಯೇ?

ಭಾನುವಿನ ರಕ್ತ ಪರೀಕ್ಷೆಯಾಯಿತು. ಹನ್ನೆರಡು ಇರಬೇಕಾದ ರಕ್ತದಂಶ ಏಳೂವರೆಗೆ ಇಳಿದಿತ್ತು. ಹಬ್ಬದ ಮಾತ್ರೆ ಮುಟ್ಟಕೂಡದು; ಸ್ರಾವ ನಿಲ್ಲಲು ಬೇರೆ ಔಷಧಿ, ಕಬ್ಬಿಣಾಂಶದ ಗುಳಿಗೆ; ಎರಡು ದಿನದಲ್ಲಿ ಕಡಿಮೆಯಾಗದಿದ್ದರೆ ದೊಡ್ಡಾಸ್ಪತ್ರೆ. ಆಮೇಲೆ ಡಾಕ್ಟರು ಲತಾಮಣಿಯ ಕಡೆ ತಿರುಗಿದರು. "ನಿಮ್ಮದು ಮಾತ್ರೆಯಿಂದ್ಲೇ ಇರಬಹುದು, ಬೇರೆ ಏನಾದ್ರೂ ಇರಬಹುದು. ನೋಡದೆ ಹೇಳಲ್ಲ. ಸ್ಕ್ಯಾನ್ ಆಗ್ಬೇಕು, ಗರ್ಭಕೋಶದ ಒಳಪದರದಿಂದ ಒಂಚೂರು ತೆಗೆದು ಪರೀಕ್ಷೆಗೆ ಕಳಿಸ್ಬೇಕು. ಗುರುವಾರ ಬನ್ನಿ. ಮುಂದಕ್ಕೆ ಹಾಕ್ಬೇಡಿ."

ಗುರುವಾರ ಹುಳು ಹಣ್ಣಾಗುವ ದಿನ.

ಸಂಜೆ ಬಂದಾಗ ಹುಳುಮನೆಯ ಮುಂದೆ ಬ್ಲೀಚಿಂಗ್ ಪುಡಿಯ ಘಾಟು. ದೇವರಾಜು ಹೊಸ್ತಿಲು ತೊಳೆದು, ಬೇವಿನ ಸೊಪ್ಪು ಸಿಕ್ಕಿಸಿ, ಒಳಗೆ ಒಬ್ಬನೇ ತಟ್ಟೆಯಿಂದ ತಟ್ಟೆಗೆ ಓಡಾಡುತ್ತಿದ್ದ. ಮಾರಕ್ಕ ಜಗುಲಿಯ ಮೇಲೆ ಎರಡು ತಟ್ಟೆ ಮುದ್ದೆ ಇಟ್ಟು, "ಉಣ್ಣಿ. ಆ ಮಗಿಗೆ ಸೊಪ್ಪಿನ್ ಸಾರು ಜಾಸ್ತಿ ಹಾಕು" ಎಂದು ಹೇಳಿ ಮಗನ ಕೈಗೆ ಕೈ ಜೋಡಿಸಲು ಹೋದಳು. ಎಪ್ಪತ್ತರ ಮುದುಕಿ, ಸೊಂಟ ಹಿಡಿದುಕೊಂಡೇ ಹೊಸ್ತಿಲು ದಾಟಿದಳು. ಡಾಕ್ಟರು ಏನಂದರೆಂದು ತಾಯಿ ಮಗ ಇಬ್ಬರೂ ಕೇಳಲಿಲ್ಲ.

ಈ ಬೆಳೆ ಹೋದರೆ ಅದು ಲತಾಮಣಿಯ ತಲೆಗೆ. ಚೆನ್ನಾಗಿ ಬಂದರೆ, ಅವಳು ಹೊರಗಿದ್ದದ್ದರಿಂದ ಚೆನ್ನಾಗಿ ಬಂತು. ಎರಡು ಕಡೆಯಿಂದಲೂ ಬಾಗಿಲು ಹಾಕಿದ ಮನೆ. ಅವಳು ಮುದ್ದೆ ಮುರಿದು ಮಗಳ ತಟ್ಟೆಗೆ ಸಾರು ಸುರಿದಳು. ಡೈರಿಗೆ ಹೋಗುವವರು ಕ್ಯಾನು ಹಿಡಿದು ಹೋದರು. ಭಾನು ತಲೆ ಎತ್ತದೆ ಉಂಡಳು.

"ಅಮ್ಮ, ಇದ್ಯಾಕ್ ಬತ್ತದೆ?" ಎಂದಳು ಇದ್ದಕ್ಕಿದ್ದಂತೆ.

"ಯಾವ್ದು?"

"ಇದೇ. ತಿಂಗ್ಳು ತಿಂಗ್ಳು. ಪುಸ್ತಕದಲ್ಲಿ ಚಿತ್ರ ಐತೆ. ಅದು ಮನೇಲಿ ಓದ್ಕೊಳ್ಳಿ ಅಂದ್ಬುಟ್ರು ಮಿಸ್ಸು."

ಲತಾಮಣಿಯ ಕಣ್ಣು ಮೊದಲು ಹೋದದ್ದು ಹುಳುಮನೆಯ ಬಾಗಿಲಿನ ಕಡೆ. ಗಂಡ ಕೇಳಿಸಿಕೊಳ್ಳುವಷ್ಟು ಹತ್ತಿರದಲ್ಲಿದ್ದ. ಸುಮ್ಕೆ ಉಣ್ಣು ಎನ್ನುವುದು ನಾಲಗೆಯ ತುದಿಯವರೆಗೆ ಬಂತು. ಎರಡು ಬಸಿರು ಹೊತ್ತವಳು, ಹದಿನೇಳು ವರ್ಷ ಅದನ್ನು ಹಿಂದೆ ಮುಂದೆ ತಳ್ಳಿದವಳು.

"ನಂಗೂ ಗೊತ್ತಿಲ್ಲ ಕಣವ್ವ" ಎಂದಳು, ದನಿ ತಗ್ಗಿಸದೆ. "ಗುರುವಾರ ಇಬ್ರೂ ಹೋಗಣ. ಡಾಕ್ಟ್ರಮ್ಮನ್ನೇ ಕೇಳಣ."

ಒಳಗೆ ಸೊಪ್ಪು ಹಾಸುತ್ತಿದ್ದ ಸದ್ದು ನಿಂತಿತು. ಲತಾಮಣಿ ತುತ್ತು ಕೈಯಲ್ಲೇ ಹಿಡಿದು ಕಾದಳು. ಸ್ವಲ್ಪ ಹೊತ್ತಿಗೆ ಸೊಪ್ಪಿನ ಸದ್ದು ಮತ್ತೆ ಶುರುವಾಯಿತು.